ಖಾಲಿ ಲಾರಿಯ ತೂಕ

ಬಳ್ಳಾರಿಯ ಈ ಆಸ್ಪತ್ರೆಯಲ್ಲಿ ನನ್ನ ಯಂತ್ರ ಇರುವುದು ನೆಲಮಾಳಿಗೆಯಲ್ಲಿ,
ಕಿಟಕಿಯಿಲ್ಲ.
ಮೂರನೇ ಮಹಡಿಯಲ್ಲಿ ಯಾರದೋ ಕೊರಳು ತೆರೆದಿರುತ್ತಾರೆ,
ತಿಪ್ಪೇಶ ಐಸಿನ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬರುತ್ತಾನೆ
(ಲಿಫ್ಟನ್ನು ಅವನು ನಂಬುವುದಿಲ್ಲ).
ನೇರಳೆ ಮುಚ್ಚಳದ ಕೊಳವೆ, ಅದರ ಮೈಮೇಲೆ ಗಂಟೆ, ನಿಮಿಷ.

ಬೆಳಿಗ್ಗೆ ಶಾಹಿದಾ, ಇಪ್ಪತ್ತಮೂರು,
ಕೌಲ್ ಬಜಾರಿನಲ್ಲಿ ಜೀನ್ಸಿನ ಜೇಬು ಹೊಲಿಯುವವಳು.
ಮೂರು ಸಲ ಕಿಡ್ನಿಯಲ್ಲಿ ಕಲ್ಲು. ಮೂರು ಸಲವೂ
‘ನೀರು ಕುಡಿಯವ್ವ, ನಮ್ಮೂರ ಬಿಸಿಲು ಹಂಗೇ’ ಎಂದು ಕಳಿಸಿದ್ದರು.
ಬಿಸಿಲಲ್ಲ.
ತೊಗರಿಬೇಳೆಯಷ್ಟಿರಬೇಕಾದ ಗ್ರಂಥಿಯೊಂದು
ನೆನೆದ ದ್ರಾಕ್ಷಿಯಂತೆ ಉಬ್ಬಿ ಕೂತು
ಎಲುಬಿನ ಸುಣ್ಣವನ್ನು ರಕ್ತಕ್ಕೆ ಸುರಿಯುತ್ತಿತ್ತು.

ತೆಗೆಯುವ ಮುನ್ನ ಮುನ್ನೂರ ಹನ್ನೆರಡು.
ತೆಗೆದ ಐದನೇ ನಿಮಿಷಕ್ಕೆ ತೊಂಬತ್ತೊಂದು.
ಹತ್ತಕ್ಕೆ ನಲವತ್ತು.
‘ಹೊಲಿಯುತ್ತೇವೆ’ ಅಂದರು ಫೋನಿನಲ್ಲಿ. ನಾನು ಚಹಾ ಕುಡಿದೆ.

ಮಧ್ಯಾಹ್ನ ಹುಲಿಗೆಮ್ಮ, ಎಪ್ಪತ್ತಾರು, ಕುಡತಿನಿ.
ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡು ಬಂದವಳ
ರಕ್ತದ ಚೀಟಿಯಲ್ಲಿ ಸುಣ್ಣ ಹೆಚ್ಚಿದ್ದು ಕಂಡಿತು.
‘ವಯಸ್ಸಾತಲ್ಲ, ಅದಕ್ಕ’ ಎಂದು
ಡಾಕ್ಟರಿಗೇ ಸಮಾಧಾನ ಹೇಳಿದ್ದಳಂತೆ.

ಮುನ್ನೂರ ಐದು.
ಐದಕ್ಕೆ ಇನ್ನೂರ ನಲವತ್ತು.
ಹತ್ತಕ್ಕೆ ನೂರ ಎಪ್ಪತ್ತೊಂದು.

‘ಅರ್ಧಕ್ಕೆ ಇಳಿದಿಲ್ಲವಲ್ಲ’ ಅಂತು ಫೋನು.
‘ಇನ್ನೊಂದು ಕೆಟ್ಟದ್ದು ಉಳಿದಿದೆಯೋ ಏನೋ. ಆ ಕಡೆಯೂ ಬಿಚ್ಚಿ ಹುಡುಕಲೆ?’

ನಮ್ಮಪ್ಪ ತೋರಣಗಲ್ಲಿನ ವೇಬ್ರಿಜ್ಜಿನಲ್ಲಿ
ಇಪ್ಪತ್ತು ವರ್ಷ ಕೂತವನು.
ತುಂಬಿದ ಲಾರಿ ಒಮ್ಮೆ, ಖಾಲಿ ಲಾರಿ ಒಮ್ಮೆ,
ಎರಡರ ನಡುವಿನದೇ ಅದಿರು.
‘ಹೊಸ ಗಾಡಿ ಹತ್ತಿದ್ರೆ ಮುಳ್ಳು ಥಟ್ಟನೆ ನಿಲ್ತೈತೆ.
ಹಳೇದು ಬಂದ್ರೆ ಮೈಯೆಲ್ಲ ಅಳ್ಳಾಡ್ತಿರ್ತೈತೆ.
ಅದರ ಮೇಲೆ ಸಿಟ್ಟಾಗಬ್ಯಾಡ. ಚೀಟಿ ಹರೀಬ್ಯಾಡ.
ಒಂದು ಬೀಡಿ ಸೇದು.’

ಸರ್, ಅಂದೆ, ಈ ಅಜ್ಜಿಯ ಕಿಡ್ನಿ ನಿಧಾನ,
ಕ್ರಿಯಾಟಿನಿನ್ ಒಂದೂ ಮುಕ್ಕಾಲು ಇದೆ.
ಇಪ್ಪತ್ತನೇ ನಿಮಿಷದ್ದು ಕಳಿಸಿ.

ಆ ಕಡೆ ಮಾನಿಟರಿನ ಸದ್ದು, ಯಾರೋ ಕೆಮ್ಮಿದ್ದು.
ಹೇಳಬೇಕಾದವಳು ನಾನಲ್ಲ ಅಂತ ಕಿವಿ ಬಿಸಿಯಾಯಿತು.
ತಿಪ್ಪೇಶ ಬಂದ, ಕೊಳವೆ ತಿರುಗಿತು,
ಯಂತ್ರ ಹನ್ನೆರಡು ನಿಮಿಷ ಕೇಳಿತು, ಕೊಟ್ಟೆ.
ಅವನ ಚಪ್ಪಲಿಯ ಕೆಂಪು ಧೂಳು
ಒರೆಸಿದ ನೆಲದ ಮೇಲೆ ನಾಕು ಹೆಜ್ಜೆ.

ತೊಂಬತ್ತಾರು.

ಸಂಜೆ ವಾರ್ಡಿಗೆ ಹತ್ತಿ ಹೋದೆ, ಹೋಗುವ ರೂಢಿಯಿಲ್ಲ.
ಚೆಂದ ಇಳಿದಿದ್ದ ಶಾಹಿದಾ
ತುಟಿ, ಬೆರಳು ಜುಮ್ಮೆನ್ನುತ್ತವೆ ಎಂದು
ಕ್ಯಾಲ್ಸಿಯಂ ಗುಳಿಗೆ ನುಂಗುತ್ತಿದ್ದಳು;
ಸೂಜಿಗೆ ದಾರ ಪೋಣಿಸುವವಳಂತೆ
ಗಾಳಿಯಲ್ಲಿ ಎರಡು ಬೆರಳು ಕೂಡಿಸಿ ನೋಡುತ್ತಿದ್ದಳು.
ಪಕ್ಕದ ಮಂಚದಲ್ಲಿ ಹುಲಿಗೆಮ್ಮ,
ಕೊರಳಿಗೆ ಪಟ್ಟಿ, ದನಿಯಿನ್ನೂ ಒರಟು:
‘ಎಲಡಿಕಿ ಐತೇನವ್ವ? ಸುಣ್ಣ
ಒಂಚೂರು ಮುಂದಿರ್ಲಿ.’