ವಂದನಾರ್ಪಣೆಗೆ ಐದು ನಿಮಿಷ

ಕಾರ್ಯಕ್ರಮದ ಪಟ್ಟಿಯಲ್ಲಿ ಕೊನೆಯ ಸಾಲು ನನ್ನದು.
ಆಚೆ ಬನ್ಸಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಾಗಿದೆ,
ಹಿಂದೆ ಕೂತವರು ಆಗಲೇ ಕಾಲಿನಲ್ಲಿ ಚಪ್ಪಲಿ ಹುಡುಕುತ್ತಿದ್ದಾರೆ.
ಕೂತುಕೊಳ್ಳಿ ಮಾರಾಯ್ರೆ, ಬನ್ಸ್ ಎಲ್ಲಿಗೂ ಹೋಗುವುದಿಲ್ಲ.

ಕೈಗೊಂದು ಚೀಟಿ ಕೊಟ್ಟಿದ್ದಾರೆ: ಹದಿನೇಳು ಹೆಸರು,
ಹೆಸರಿಗೊಂದು ಗುಲಾಬಿ.
ದಿನಕ್ಕೆ ಎಂಟುನೂರು ಬೀಡಿ ಕಟ್ಟುವವಳು ನಾನು,
ಲೆಕ್ಕ ತಪ್ಪುವುದಿಲ್ಲ. ಆದರೆ ಇದು
ಓದಿ ಮುಗಿಸುವ ಲೆಕ್ಕವಲ್ಲ.

ಮೂರು ವರ್ಷ, ಜೆಪ್ಪಿನ ನಮ್ಮ ಮನೆಯ
ಒಳಕೋಣೆಗೆ ಹೊರಗಿನಿಂದ ಚಿಲಕ ಇತ್ತು.
ಹಾಕಿಸಿದ್ದು ನಾನು.
ಬೆಕ್ಕು ನುಗ್ಗುತ್ತದೆ ಎಂದಿದ್ದೆ ಬಡಗಿಗೆ.
ಒಳಗಿದ್ದದ್ದು ನನ್ನ ಅಣ್ಣ ಜಯಕರ,
ಹೆಂಚಿನ ಕಾರ್ಖಾನೆಯಲ್ಲಿ ಬೆರಳ ಗೆಣ್ಣಿನಿಂದ ಬಡಿದು
ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಹಿಡಿಯುತ್ತಿದ್ದವನು.
ಚಿಮಣಿ ತಣ್ಣಗಾದ ಮೇಲೆ ಅವನಿಗೆ
ಎಲ್ಲದರಲ್ಲೂ ಬಿರುಕು ಕೇಳತೊಡಗಿತು:
ಗೋಡೆಯಲ್ಲಿ, ಗಂಜಿಯ ಬಟ್ಟಲಲ್ಲಿ, ನನ್ನ ದನಿಯಲ್ಲಿ.
ನನ್ನ ದನಿಯಲ್ಲಿ ಇತ್ತು. ಅದು ಸುಳ್ಳಲ್ಲ.

ನೆಂಟರು ಬಂದರು, ಜೋಯಿಸರ ನಂಬರು ಬರೆಸಿ ಹೋದರು,
ಮತ್ತೆ ಬರಲಿಲ್ಲ.

ಮೊಯ್ದಿನಬ್ಬ ಬಂದದ್ದು ಒಂದು ಶುಕ್ರವಾರ, ಜುಮಾ ಮುಗಿಸಿ,
ಬಂದರಿನ ಒಣಮೀನು ಅಂಗಿಯ ಮಡಿಕೆಯಲ್ಲೇ ಇತ್ತು.
ಚಿಲಕ ನೋಡಿದರು. ನನ್ನನ್ನು ನೋಡಲಿಲ್ಲ.
ಅಷ್ಟು ದೊಡ್ಡ ಮರ್ಯಾದೆಯನ್ನು
ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತರು,
ಹಲಗೆಯೊಡನೆ ಮಾತಾಡಿದರು:
ಇವತ್ತು ಒಣಸೀಗಡಿ ಕಿಲೋಗೆ ನಾನ್ನೂರು,
ಮೋಡ ಬಿಡಲಿಲ್ಲ, ಬಂಗುಡೆ ಅರ್ಧ ಹಾಳು.
ಮುಂದಿನ ಶುಕ್ರವಾರ ಮತ್ತೆ. ಅದರ ಮುಂದಿನದೂ.
ಒಳಗೆ ಉಸಿರಿಲ್ಲ.
ಗಿರಾಕಿ ಬರಲಿಲ್ಲ ಅಂತ ಅಂಗಡಿ ಮುಚ್ಚುವುದುಂಟಾ, ಅಂದರು.
ಐದನೆಯ ಶುಕ್ರವಾರ, ಸೀಗಡಿ ಮುನ್ನೂರೈವತ್ತು ಅನ್ನುವಾಗ
ತುಕ್ಕು ಹಿಡಿದ, ನಾನು ಮರೆತೇಬಿಟ್ಟಿದ್ದ ಒಂದು ದನಿ:
“ಹೋದ ವಾರ ನಾನ್ನೂರು ಅಂದಿದ್ದಿ. ಮೋಸ.”

ಮೊಯ್ದಿನಬ್ಬ ನಕ್ಕದ್ದು ಬಂದರಿಗೂ ಕೇಳಿರಬೇಕು.
ಮಡಿಲಿನ ಎಲೆ, ಹುಡಿ ಎಲ್ಲ ಚೆಲ್ಲಿ ಎದ್ದೆ.
ದಿನಕ್ಕೆ ಮೂರು ಸಲ ತೆಗೆದು ಹಾಕುತ್ತಿದ್ದ ಚಿಲಕ,
ಆ ದಿನ ತೆಗೆದದ್ದಷ್ಟೇ.

ಗುಣವಾಯಿತು ಎಂದು ವರದಿಯಲ್ಲಿ ಬರೆಯಬೇಡಿ.
ಮಾತ್ರೆಗೆ ಕೈ ನಡುಗುತ್ತದೆ. ಆಟಿಯ ಮಳೆಯಲ್ಲಿ
ಕೆಲವು ರಾತ್ರಿ ಈಗಲೂ ಗೋಡೆಗೆ ಕಿವಿಯಿಡುತ್ತಾನೆ.
ಆಗ ಗ್ರೆಟ್ಟಾ ಬಾಯಿಗೆ ಫೋನು, ಎರಡು ಗಂಟೆಗೆ.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತವರು,
ಎಂತಾಯಿತು ಅಂತ ಕೇಳುವುದಿಲ್ಲ,
“ಲೈನಲ್ಲಿದ್ದೇನೆ” ಅನ್ನುತ್ತಾರೆ.
ಮತ್ತೆ ಇಬ್ಬರೂ ಸುಮ್ಮನೆ.
ಅವರ ಮನೆಯ ಗಡಿಯಾರ ನಮ್ಮ ಮನೆಯಲ್ಲಿ ಕೇಳುತ್ತದೆ.

ಉಳಿದವರು ಬೇಸರಿಸಬೇಡಿ, ಐದು ನಿಮಿಷ ಆಗಲೇ ದಾಟಿತು.
ಆ ಕಾಲೇಜು ಹುಡುಗ (ಚೀಟಿಯಲ್ಲಿ ತಪ್ಪಾಗಿದೆ,
ನಿಶಾಂತ ಅಲ್ಲ, ನಿಶಾಂಕ)
ಚೆನ್ನೆಮಣೆಯಲ್ಲಿ ಸೋಲುವುದನ್ನು ಎಷ್ಟು ಚೆಂದ ಕಲಿತಿದ್ದಾನೆ!

ತುಳುವಿನಲ್ಲಿ ಇದಕ್ಕೊಂದು ಶಬ್ದ ಉಂಟು, ಸೊಲ್ಮೆಲು.
ಮೈಕಿನ ಮುಂದೆ ಹೇಳಲಿಕ್ಕೆ ಚೆಂದ.
ಅಡುಗೆಮನೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ.
ಅಲ್ಲಿ ಕೇಳುವುದು, ವಣಸ್ ಆಂಡಾ, ಊಟ ಆಯಿತಾ.
ಹಾಗಾಗಿ ಗುಲಾಬಿ ಮೇಜಿನ ಮೇಲೆಯೇ ಇರಲಿ.

ಆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವನು ನನ್ನ ಅಣ್ಣ.
ಪಿಂಗಾಣಿ ತಟ್ಟೆ. ಒಂದೊಂದನ್ನೂ ಗೆಣ್ಣಿನಿಂದ ಬಡಿದು,
ಕಿವಿಗೆ ಹಿಡಿದು, ಕೇಳಿ, ಆಮೇಲೆ ಕೊಡುತ್ತಾನೆ.
ಸಾಲು ಉದ್ದವಾಗುತ್ತದೆ. ಗಡಿಬಿಡಿ ಮಾಡಬೇಡಿ.
ನೀವು ಕಾದು ಗೊತ್ತಿರುವವರೇ ಅಲ್ಲವಾ.