ಒಂದು ಬಿಟ್ಟು ಒಂದು

ಏಳು ತಿಂಗಳ ಮ್ಯಾಲೆ ಗೇಟಿನ ಬೀಗ ತಗದಾಗ
ಅಂಗೈಗೆ ಹತ್ತಿದ ತುಕ್ಕು
ಸ್ಯಾನಿಟೈಸರಿಗೂ ಹೋಗಲಿಲ್ಲ.
ಜಾರಬಂಡಿಯ ತುಂಬ ನವಿಲಿನ ಹಿಕ್ಕಿ.
ಬಂಕಾಪುರದ ಕೋಟಿಯಿಂದ ಬರತಿದ್ದವಂತ,
ನೀರಿಲ್ಲದ ಅಲೆಗುಂಡದಾಗ ಕುಣದು
ಟಿಕೆಟ್ಟಿಲ್ಲದ ಹೋಗತಿದ್ದವಂತ.
ವಾಚ್‌ಮನ್ ಫಕೀರಜ್ಜ ಇದನ್ನ ಹೇಳೂ ಮುಂದ
ಏನೋ ಕಳಕೊಂಡಾಂವನ ಗತೆ ಹೇಳಿದ.

ಮೊದಲು ನಾ ಟಿಕೆಟ್ ಹರಿಯಾಕಿ.
ಈಗ ಕೈಯಾಗ ಬಿಳಿ ಪಿಸ್ತೂಲು.
ಹಣಿಗೆ ಹಿಡಿ, ಒತ್ತು, ಅಂಕಿ ಓದು, ಬಿಡು.
ವಿಭೂತಿ ಹಣಿಗೆ ತೊಂಬತ್ತಾರು,
ಕುಂಕುಮದ ಹಣಿಗೆ ತೊಂಬತ್ತೇಳೂವರಿ,
ಗೋವಿನಜೋಳ ಮುರದು ಬೈಕಿನ ಮ್ಯಾಲೆ ಮಕ್ಕಳ ಕೂಡ
ನೆಟ್ಟಗ ಬಂದಾಂವಗ ನೂರಾ ಒಂದು.
'ಬಿಸಲವ್ವಾ ಇದು, ಜ್ವರ ಅಲ್ಲ' ಅಂದ.
ಬೇವಿನ ನೆರಳಾಗ ಕುಂತು, ಆರಿ, ಮತ್ತ ಬಂದ.
ತೊಂಬತ್ತೆಂಟು. ಹೋಗಪಾ, ಹೋಗು.

ಗೇಟಿನಾಗ ಎರಡು ಪಾಳಿ, ನಡುವ ನೂಲಿನ ಹಗ್ಗ:
ಸ್ಥಳೀಯರು.
ಹೊರರಾಜ್ಯದವರು.
ಹೊರರಾಜ್ಯಕ್ಕ ರಿಪೋರ್ಟು ಬೇಕು,
ಮೂಗಿನಾಗ ಕಡ್ಡಿ ಹಾಕಿಸಿ ಮೂರು ದಿನ ದಾಟಿರಬಾರದು.
ಸವಣೂರಿನ ಹುಡುಗೂರು ಒದರಿದರು:
'ನಮ್ಮ ಜಡ್ಡು ನಮಗ ಸಾಲವಲ್ದೇನು?
ಅವರದ್ದು ಬ್ಯಾರೆ ಯಾಕ ಒಳಗ ಬಿಡ್ತೀರಿ?'
ಮ್ಯಾನೇಜರ್ ಹಾವನೂರ ಅವರಿಗೇನೂ ಅನಲಿಲ್ಲ,
ನಮ್ಮ ಕಡೆ ಹೊಳ್ಳಿ ಅಂದರು,
'ಆ ಗಾಡಿ ಬಂದ್ರ ನಿಮ್ಮ ಪಗಾರ, ತಿಳಕೋರಿ.'
ಅರ್ಧ ಪಗಾರ ಉಂಡ ಬಾಯಿ
ಮಾಸ್ಕಿನೊಳಗ ಸುಮ್ಮಾತು.

ಮಿರಜಿಯಿಂದ ಬಂದ ಅಜ್ಜ
ರಿಪೋರ್ಟನ್ನ ಪ್ಲಾಸ್ಟಿಕ್ಕಿನಾಗ ಸುತ್ತಿ
ಬುತ್ತಿ ಗಂಟಿನಾಗ ಇಟ್ಟಿದ್ದ.
ಕಾಗದಕ್ಕ ಶೇಂಗಾ ಹಿಂಡಿಯ ವಾಸನಿ.
ಮಿರಜಿ!
ನಮ್ಮವ್ವನ ಹೊಟ್ಟಿ ಕೊಯ್ದದ್ದು ಅಲ್ಲೇ.
ರಾತ್ರಿ ರೇಲ್ವೇಕ್ಕ ಹೋಗಿ
ಹನ್ನೆರಡು ದಿನ ವರಾಂಡದಾಗ ಮಲಗಿದ್ದೆ.
ಅಲ್ಲಿ ನರ್ಸಬಾಯಿ ಕನ್ನಡದಾಗ ಬೈದು
ಮರಾಠಿಯೊಳಗ ಔಷಧ ಕುಡಿಸತಿದ್ದಳು.
ಯಾವ ಪಾಳಿ ಅಂತ ಯಾರು ಕೇಳಿದ್ದರು?
ನಮ್ಮ ಪಾಲಿಗೆ ಅದು ದವಾಖಾನಿ ಊರು.
ಹೊರರಾಜ್ಯ ಯಾವಾಗ ಆತೋ,
ಬೋರ್ಡು ಬರದ ಪೇಂಟರಗ ಗೊತ್ತು.

ತೊಂಬತ್ತೇಳು ಪಾಯಿಂಟ್ ನಾಕು.
ಮೊಮ್ಮಗಳು ತನ್ನ ಅಂಕಿ ತನಗ ಬೇಕಂತ ಹಟ ಹಿಡಿತು.
ಟಿಕೆಟ್ಟಿನ ಹಿಂದ ಬರದು ಕೊಟ್ಟೆ.

ದೊಡ್ಡ ಚಕ್ರಕ್ಕೂ ಕಾನೂನು ಬಂದೈತಿ: ಒಂದು ಬಿಟ್ಟು ಒಂದು.
ಹದಿನಾರು ತೊಟ್ಟಿಲು.
ಎಂಟರಾಗ ಮಂದಿ.
ಎಂಟಕ್ಕ ಕೆಂಪು ಬಣ್ಣದ ಗುಣಾಕಾರ.
ಹದಿನಾಕು ವರ್ಷ ಅದನ್ನ ತಿರುಗಿಸಿದಾಂವ ಗೌಸಣ್ಣ.
ಹೆದರಿ ಅಳೂ ಹುಡುಗೂರಿಗೆ ಕೆಳಗಿಂದ ಕೂಗತಿದ್ದ,
'ಕಣ್ಣ ತಗೀರಿ, ಶಿಗ್ಗಾವಿ ಕಾಣತೈತಿ!'
ಕಾಣತಿತ್ತೋ ಇಲ್ಲೋ, ಅಳು ನಿಲ್ಲತಿತ್ತು.
ಶ್ರಾವಣದಾಗ ಹುಬ್ಬಳ್ಳಿಗೆ ಒಯ್ದರು.
ಮಣ್ಣಿಗೆ ನಾಕು ಮಂದಿ, ನಾಕೂ ಮಂದಿ ಪ್ಲಾಸ್ಟಿಕ್ಕಿನೊಳಗ,
ಯಾರು ಯಾರಂತ ಅವನ ಹೆಂಡತಿಗೂ ತಿಳಿಲಿಲ್ಲ.
ಗ್ರೀಸಿನ ಡಬ್ಬಿಯೊಳಗ ಅವನ ಹೆಬ್ಬಟ್ಟಿನ ಕುಣಿ
ಹಂಗ ಐತಿ.

ಲೀವರು ಈಗ ಅವನ ತಮ್ಮನ ಮಗ ರಿಯಾಜನ ಕೈಯಾಗ.
'ಖಾಲಿ ತೊಟ್ಟಿಲು ಹಗರ ಇರಬೇಕಲ್ಲಕ್ಕಾ,
ಚಕ್ರ ಯಾಕ ಹಿಂಗ ಜಗ್ಗತೈತಿ?'
ಗ್ರೀಸ್ ಹಚ್ಚು ಅಂದೆ.
ಡಬ್ಬಿಗೆ ಕೈ ಹಾಕಲಿಲ್ಲ ಅಂವ, ನಾನೂ ಹಾಕಲಿಲ್ಲ.

ಸಂಜಿಕ ಲೆಕ್ಕ ಕೊಟ್ಟೆ. ಸ್ಥಳೀಯರು ನೂರಾ ಅರವತ್ತು.
ಹೊರರಾಜ್ಯ ಹನ್ನೊಂದು.
ಕೂಸುಗಳನ್ನ ಹಿಡದಿಲ್ಲ, ನವಿಲನ್ನೂ.

ಬ್ಯಾಟರಿ ತಗಿಯೂ ಮೊದಲು, ಯಾಕೋ,
ಕೆಳಗ ಬಂದು ನಿಂತ ಖಾಲಿ ತೊಟ್ಟಿಲಿಗೆ
ಪಿಸ್ತೂಲು ಹಿಡದೆ.
ದಿನವೆಲ್ಲ ಬಿಸಲುಂಡ ತಗಡು.
ತೊಂಬತ್ತೆಂಟು ಪಾಯಿಂಟ್ ಆರು.
'ಎಷ್ಟು ಬಂತಕ್ಕಾ?' ಅಂದ ರಿಯಾಜ.
ನಾರ್ಮಲ್ ಅಂದೆ.
ಅಂವ ಚಾವಿ ತಗದ.