ಶುಬಾಶಯ

ಶಾಲೆಯ ಮಕ್ಕಳ ರಬ್ಬರು, ಐದು ರೂಪಾಯಿಯದ್ದು,
ಹಂಪನಕಟ್ಟೆಯಲ್ಲಿ ಚೌಕಾಸಿ ಮಾಡಿ ತಂದ ಸಣ್ಣ ಉಳಿ,
ರಾತ್ರಿ ಹತ್ತಕ್ಕೆ ಒರೆಸಿದ ಊಟದ ಮೇಜು.
ಎಲ್ಲವನ್ನೂ ತಿರುಗಿಸಿ ಕೆತ್ತಬೇಕು,
ಕನ್ನಡಿಯೊಳಗೆ ಕೂತು ಬರೆದ ಹಾಗೆ.
ಶಕಾರದ ಸುರುಳಿಗೆ ಆಚೆ ಮುಖ,
ಕೊಂಬು ಎಡಗೈಗೆ.
ಕೆತ್ತಿ ತೆಗೆದದ್ದು ಕಾಗದದಲ್ಲಿ ಬಿಳಿ;
ಬಿಟ್ಟದ್ದಷ್ಟೇ ಮಾತಾಡುತ್ತದೆ.

ಫ್ಲೇವಿಯಾ ಟೀಚರಿಗೆ ನಲವತ್ತು ಕಾರ್ಡು, ಕ್ರಿಸ್‌ಮಸ್ಸಿನೊಳಗೆ.
ಹಸಿ ಶಾಯಿಯ ಮೇಲೆ ಚಿನ್ನದ ಹುಡಿ ಸುರಿದು
ಹಳೆ ಪೇಪರಿನ ಮಡಿಕೆಗೆ ತಟ್ಟಿ
ಮಿಕ್ಕಿದ್ದು ಪುನಃ ಬಾಟಲಿಗೆ.
ದುಬಾರಿ, ಮಾರಾಯ್ತಿ, ಚೆಲ್ಲಿದರೆ ಉಸಿರೇ ನಿಲ್ಲುತ್ತದೆ.
ಈ ಊರಿನ ಸೆಕೆಗೆ ಹುಡಿಯೂ ಗಂಟು ಕಟ್ಟುತ್ತದೆ,
ಉಪ್ಪಿನ ಕುಪ್ಪಿಗೆ ಹಾಕುವ ಹಾಗೆ
ನಾಲ್ಕು ಕಾಳು ಕುಚ್ಚಲಕ್ಕಿ ಹಾಕಿಟ್ಟಿದ್ದೇನೆ.
ಆಮೇಲೆ ಬಿಸಿಗಾಳಿಯ ಯಂತ್ರ:
ಒಂದು, ಎರಡು, ಮೂರು, ಏನೂ ಇಲ್ಲ,
ನಾಲ್ಕು ಅನ್ನುವಾಗ ಹುಡಿ ಬೆವರಿ, ಕರಗಿ, ಹೊಳೆದು
ಅಕ್ಷರ ಕಾಗದದಿಂದ ಕೂದಲೆಳೆಯಷ್ಟು ಮೇಲೇಳುತ್ತದೆ.
ನೀರುದೋಸೆಯ ಅಂಚು ಏಳುವುದನ್ನು ಕಾದವರಿಗೆ
ಗೊತ್ತು ಆ ಗಳಿಗೆ.

ನಲವತ್ತೂ ಎದ್ದ ಮೇಲೆ ಕಂಡದ್ದು:
ಭಕಾರದ ಹೊಟ್ಟೆ ಸೀಳಿಲ್ಲ.
ಆ ಒಂದು ಗೀರು ಉಳಿಯ ತುದಿಗೆ ಸಿಕ್ಕಿ ಹಾರಿ
ಮೇಜಿನಡಿ ಎಲ್ಲೋ ಬಿದ್ದಿರಬೇಕು,
ಎಳ್ಳಿನಷ್ಟು ರಬ್ಬರು.
ಶುಬಾಶಯ. ಶುಬಾಶಯ. ನಲವತ್ತು ಸಲ, ಚಿನ್ನದಲ್ಲಿ.

ಮಾರನೆ ಮಧ್ಯಾಹ್ನ ಪೆನ್ನು ಹಿಡಿದು
ಒಂದೊಂದೇ ಹೊಟ್ಟೆ ಸೀಳುತ್ತಿದ್ದೆ;
ವಾರಿಜಕ್ಕ ಬಂದರು, ಖಾಲಿ ಚೀಲ ಕಂಕುಳಲ್ಲಿ.
ರೇಶನ್ ಅಂಗಡಿಯಿಂದ ಮೂರನೇ ಸಲ ವಾಪಸು.
"ನನ್ನ ಬೆರಳು ಯಂತ್ರಕ್ಕೆ ಗುರ್ತವೇ ಇಲ್ಲಂತೆ.
ಎಂತ ಮಾಡುದು, ಹೊಸ ಬೆರಳು ಎಲ್ಲಿಂದ ತರುದು?"

ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ,
ನನ್ನಮ್ಮನೂ ಅವರೂ ಒಂದೇ ಅಚ್ಚಿನ ಎರಡು ಬದಿ.
ಹಸಿ ಮಣ್ಣು, ಎಣ್ಣೆ, ಸುಟ್ಟ ಹಂಚಿನ ಅಂಚು
ಗೆರೆಗಳನ್ನೆಲ್ಲ ಉಜ್ಜಿ ಕೊಂಡುಹೋದವು.
ಆ ಹಂಚಿನ ಅಡಿಯಲ್ಲೇ ಚಾಪೆ ಹಾಸಿ
ಅಂಗಾತ ಮಲಗಿ ನಾನು ಓದು ಕಲಿತದ್ದು:
ಹಂಚಿನ ಹೊಟ್ಟೆಯಲ್ಲಿ ಉಬ್ಬಿದ ಕಂಪೆನಿಯ ಹೆಸರು,
ಒಂದು ಮೀನು, ಒಂದು ಇಸವಿ.
ಮಳೆಗಾಲದಲ್ಲಿ ಆ ಮೀನು ಒದ್ದೆಯಾಗುತ್ತಿತ್ತು.

ಯಾಕೋ, ಅವರ ಹೆಬ್ಬೆಟ್ಟು ಹಿಡಿದು ಶಾಯಿಗೆ ಒತ್ತಿದೆ,
ಒಂದು ಹಾಳು ಕಾರ್ಡಿನ ಮೇಲೆ ಐದು ಸಲ, ವೃತ್ತವಾಗಿ.
ಹುಡಿ. ಬಿಸಿಗಾಳಿ. ನಾಲ್ಕು ಎಣಿಕೆ.
ಎದ್ದು ಬಂತು ಸುರಗಿಯಂಥ ಹೂವು,
ಎಸಳಿಗೆ ಒಂದು ಗೆರೆಯಿಲ್ಲ, ಕಲೆಯಿಲ್ಲ.
ಪಕ್ಕದಲ್ಲಿ ನನ್ನ ಹೆಬ್ಬೆಟ್ಟು ಒತ್ತಿದೆ:
ಸುತ್ತು ಸುತ್ತು ಗೀಟು, ಜೇಡರಬಲೆ, ಕೊಳಕು.
ಎಷ್ಟು ಚಂದ ನಿಮ್ಮದು ಅಂದುಬಿಟ್ಟೆ.
ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.
ಖಾಲಿ ಚೀಲ ಕುರ್ಚಿಯ ಮೇಲೆ ಹಾಗೇ ಕೂತಿತ್ತು.

ಅವರು ಕಾರ್ಡು ಎತ್ತಿ ಗೆಣ್ಣಿನಿಂದ ತಟ್ಟಿದರು,
ಬಿರುಕಿನ ಹಂಚು ಹುಡುಕುವ ಹಳೆ ಅಭ್ಯಾಸ,
ಕಿವಿಗೊಟ್ಟು ಕೇಳಿ, ಮೆಲ್ಲ ನಕ್ಕರು.
ಆಮೇಲೆ, ಐವತ್ತಕ್ಕೆ ರಾತ್ರಿ ಶಾಲೆಯಲ್ಲಿ ಕಲಿತ ಓದು
ಬೆರಳಿನಡಿ ಒಂದೊಂದಾಗಿ ಎಬ್ಬಿಸುತ್ತ,
"ಶು... ಬಾ... ಶ... ಯ.
ಸರಿ ಉಂಟಲ್ಲ ಮಗಾ, ಯಾಕೆ ಅದಕ್ಕೆ ಗೀರು ಹಾಕ್ತಿ?"

ನಮ್ಮ ಬಾಯಿಗಳಲ್ಲಿ ಅದು ಇರುವುದೇ ಹಾಗೆ.
ಅಮ್ಮ ಹೇಳುತ್ತಿದ್ದದ್ದೂ ಹಾಗೆಯೇ,
ಹೊಟ್ಟೆ ಸೀಳದೆ.
ಹದಿನೇಳಕ್ಕೆ ಗೀರು ಬಿದ್ದಾಗಿತ್ತು.
ಪೆನ್ನಿನ ಮುಚ್ಚಳ ಹಾಕಿದೆ.
ಫ್ಲೇವಿಯಾ ಟೀಚರು ಕನ್ನಡ ಪಂಡಿತೆ,
ಕನ್ನಡಕ ಏರಿಸಿ ಏನಾದರೂ ಅಂದೇ ಅನ್ನುತ್ತಾರೆ.

ಎರಡು ಸೇರು ಅಕ್ಕಿ ಅಳೆದೆ; ಒಂದೇ ಸಾಕೆಂದರು,
ಸಾಲ ಎಂದೂ ಸೇರಿಸಿದರು.
ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡು
ಮೆಟ್ಟಿಲಿಳಿಯುತ್ತ,
"ಶನಿವಾರ ಇನ್ನೊಮ್ಮೆ ಹೋಗಿ ಒತ್ತುತ್ತೇನೆ.
ಯಂತ್ರಕ್ಕೂ ಒಂದೊಂದು ದಿನ ಬುದ್ದಿ ಬರ್ತದೆ."